ಕಳೆದುಹೋಗದ ಜನರ ‘ಕಳೆದುಹೋದ ಕಣಿವೆ’: ‘ದಿ ಮ್ಯಾನ್ ಆಫ್ ಬ್ರಾಂಜ್’ ಓದುತ್ತಾ ಶಾಸನದ ಮಾತು

ಶಾಸನಗಳ ಬಗ್ಗೆ ಬರೆಯೋ ಜಾಗದಲ್ಲಿ ಒಂದು ಅಗ್ಗದ ಸಾಹಸ ಕಾದಂಬರಿಗೆ ಏನು ಕೆಲಸ ಅಂತ ಕೇಳಬಹುದು. ಕಾರಣ ಇದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಹಳೆಯ ಲಿಪಿಯ ಹುಚ್ಚು ಹಿಡಿದದ್ದು ಪಠ್ಯಪುಸ್ತಕದಿಂದಲ್ಲ, ಇಂಥ ಕಥೆಗಳಿಂದಲೇ. ಕಾಡಿನ ನಡುವೆ ಮುಚ್ಚಿಹೋದ ನಗರ, ಯಾರಿಗೂ ಓದಲಾಗದ ಬರಹ, ಅದನ್ನು ನಿಂತಲ್ಲೇ ಓದಿಬಿಡುವ ಒಬ್ಬ ಜಾಣ. ನನಗೆ ಹುಚ್ಚು ಹತ್ತಿದ್ದೂ ಹಾಗೇ. ಹಾಗಾಗಿ ಈ ಕಥೆಗಳು ನಮ್ಮ ತಲೆಯಲ್ಲಿ ಏನನ್ನು ಬಿತ್ತಿವೆ ಅಂತ ಒಮ್ಮೆ ಕೂತು ನೋಡಬೇಕು ಅನ್ನಿಸಿತು.

ನಾನು ಆರಿಸಿಕೊಂಡಿರೋದು ‘ದಿ ಮ್ಯಾನ್ ಆಫ್ ಬ್ರಾಂಜ್’. 1933ರ ಮಾರ್ಚ್ ತಿಂಗಳ ದಿನಾಂಕ ಹೊತ್ತು ಬಂದ ‘ಡಾಕ್ ಸ್ಯಾವೇಜ್’ ಪತ್ರಿಕೆಯ ಮೊದಲ ಸಂಚಿಕೆಯ ಕಥೆ ಇದು. ಪ್ರಕಾಶಕರು ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್. ಲೇಖಕನ ಜಾಗದಲ್ಲಿ ಕೆನೆತ್ ರೋಬ್ಸನ್ ಎಂಬ ಹೆಸರು ಇದ್ದರೂ ಅದು ಸಂಸ್ಥೆ ಇಟ್ಟ ಹೆಸರು. ಬರೆದವನು ಲೆಸ್ಟರ್ ಡೆಂಟ್. 1949ರವರೆಗೆ ಬಂದ 181 ಸಂಚಿಕೆಗಳಲ್ಲಿ ಬಹುಪಾಲು ಕಥೆಗಳು ಅವನವೇ. ಒರಟು ಕಾಗದ, ಬಣ್ಣದ ರಕ್ಷಾಪುಟ, ಕೈಗೆಟುಕುವ ಬೆಲೆ. ‘ಪಲ್ಪ್’ ಅಂತ ಹೆಸರು ಬಂದದ್ದೇ ಆ ಕಾಗದದಿಂದ. 1964ರಿಂದ ಬ್ಯಾಂಟಮ್ ಸಂಸ್ಥೆ ಇವನ್ನು ಮತ್ತೆ ಅಚ್ಚು ಹಾಕಿತು. ನಮ್ಮ ಕಡೆಯ ಹಳೇ ಪುಸ್ತಕದಂಗಡಿಗಳಲ್ಲಿ ಯಾವಾಗಲಾದರೂ ಸಿಕ್ಕರೆ ಹರಿದ ಅಂಗಿಯ ಕಂಚಿನ ಮೈಯವನ ಚಿತ್ರ ಇರುವ ಆ ಪ್ರತಿಯೇ ಸಿಗಬೇಕು.

ಕಥೆ ಹೀಗಿದೆ. ಗಗನಚುಂಬಿ ಕಟ್ಟಡವೊಂದರ 86ನೇ ಮಹಡಿಯಲ್ಲಿ ಡಾಕ್ ಸ್ಯಾವೇಜ್‌ನ ಕಚೇರಿ. ಅಪ್ಪ ವಿಚಿತ್ರ ಕಾಯಿಲೆಯಿಂದ ಸತ್ತಿದ್ದಾನೆ, ಅದು ಕೊಲೆ ಅನ್ನೋ ಅನುಮಾನ. ಮಗನ ಮೇಲೂ ಗುಂಡು ಹಾರುತ್ತದೆ. ಗುಂಡು ಹಾರಿಸಿದವನ ಬೆರಳ ತುದಿಗಳಿಗೆಲ್ಲ ಕೆಂಪು ಬಣ್ಣ, ಅವನ ಮಾತು ಮಾಯಾ ಭಾಷೆ. ಅಪ್ಪ ಬಿಟ್ಟುಹೋದ ಆಸ್ತಿ ಹಿಡಾಲ್ಗೋ ಎಂಬ ಕಾಲ್ಪನಿಕ ಮಧ್ಯ ಅಮೆರಿಕದ ದೇಶದಲ್ಲಿರುವ ಒಂದು ದೊಡ್ಡ ಭೂಭಾಗ. ಡಾಕ್ ತನ್ನ ಐವರು ಗೆಳೆಯರನ್ನು ಕಟ್ಟಿಕೊಂಡು ಹೊರಡುತ್ತಾನೆ. ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ವಕೀಲ, ಇಬ್ಬರು ಎಂಜಿನಿಯರುಗಳು, ಒಬ್ಬ ಪುರಾತತ್ತ್ವಜ್ಞ. ಅಲ್ಲಿ ಬೆಟ್ಟಗಳ ನಡುವೆ ಹೊರಜಗತ್ತಿಗೆ ಕಾಣದ ಕಣಿವೆ, ಕಣಿವೆಯಲ್ಲಿ ಶುದ್ಧ ಮಾಯಾ ವಂಶಸ್ಥರು, ಅವರ ರಾಜ ಚಾಕ್, ರಾಜಕುಮಾರಿ ಮೊಂಜಾ, ಪಿರಮಿಡ್, ಮತ್ತು ಎಣಿಸಲಾಗದಷ್ಟು ಚಿನ್ನ. ಖಳ ಯಾರು ಅಂತ ಹೇಳಲ್ಲ, ಓದಿ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡ್ತೀನಿ. ಡೆಂಟ್‌ಗೆ ಓಟ ಗೊತ್ತು. ಒಂದು ಅಧ್ಯಾಯ ಮುಗಿಸಿ ಪುಸ್ತಕ ಮಡಚಿಡಲು ಆಗುವುದಿಲ್ಲ. ಅಪ್ಪ ಕಿಟಕಿಯ ಗಾಜಿನ ಮೇಲೆ ಬರೆದಿಟ್ಟ ಕಾಣದ ಬರಹ ಅತಿನೇರಳೆ ದೀಪ ಹಿಡಿದಾಗ ಮಾತ್ರ ಹೊಳೆಯೋ ಪ್ರಸಂಗವಂತೂ ನಮ್ಮಂಥವರಿಗೇ ಬರೆದ ಹಾಗಿದೆ. ಮಧ್ಯಾಹ್ನದ ಬಿಸಿಲಲ್ಲಿ ಬರೀ ಬಂಡೆಯಾಗಿ ಕಾಣೋ ಕಲ್ಲು, ರಾತ್ರಿ ಓರೆಯಾಗಿ ಟಾರ್ಚ್ ಬಿಟ್ಟ ತಕ್ಷಣ ಸಾಲುಸಾಲು ಅಕ್ಷರ ಬಿಚ್ಚೋದನ್ನು ನೋಡಿದವರಿಗೆ ಆ ರೋಮಾಂಚನ ಗೊತ್ತು. ಪುರಾತತ್ತ್ವಜ್ಞ ಜಾನಿ ಲಿಟಲ್‌ಜಾನ್‌ನ ಕನ್ನಡಕದ ಎಡಗಾಜು ಒಂದು ಭೂತಗನ್ನಡಿ. ಯುದ್ಧದಲ್ಲಿ ಎಡಗಣ್ಣು ಹೋದವನು ಆ ಜಾಗವನ್ನು ಖಾಲಿ ಬಿಡದೆ ಕೆಲಸದ ಉಪಕರಣ ಕೂರಿಸಿಕೊಂಡಿದ್ದಾನೆ! ಕ್ಷೇತ್ರಕಾರ್ಯ ಮಾಡಿದವರು ನಗದೆ ಇರಲಾರರು.

ನನ್ನ ತಕರಾರು ಮೂರು: ಭಾಷೆಯದು, ಚಿನ್ನದ್ದು, ಆಮೇಲೆ ಜಾನಿಯದು.

ಮೊದಲು ಭಾಷೆ. ಈ ಕಾದಂಬರಿಯಲ್ಲಿ ಮಾಯಾ ಅಂದರೆ ಕಣಿವೆಯೊಳಗೆ ಮಾತ್ರ ಉಳಿದ ಮಾತು. ಆಮೇಲಿನ ಕಥೆಗಳಲ್ಲಿ ಡಾಕ್ ಮತ್ತು ಗೆಳೆಯರು ಅದನ್ನೇ ತಮ್ಮ ಗುಪ್ತಭಾಷೆ ಮಾಡಿಕೊಳ್ಳುತ್ತಾರೆ. ಶತ್ರುಗಳ ಎದುರೇ ಮಾಯಾದಲ್ಲಿ ಮಾತಾಡಿಕೊಂಡರೆ ಯಾರಿಗೂ ತಿಳಿಯಲ್ಲ ಅನ್ನೋ ಲೆಕ್ಕ. ಓದುವಾಗ ಇದು ಮಜವಾಗಿಯೇ ಇದೆ. ಆದರೆ 1933ರಲ್ಲಿ ಯುಕಟಾನ್, ಚಿಯಾಪಾಸ್, ಗ್ವಾಟೆಮಾಲಾಗಳ ಸಂತೆಗಳಲ್ಲಿ ಜನ ದಿನಾ ಆಡುತ್ತಿದ್ದದ್ದು ಮಾಯಾ ಭಾಷೆಗಳನ್ನೇ. ಒಂದಲ್ಲ, ಸುಮಾರು 30 ಭಾಷೆಗಳ ಕುಟುಂಬ ಅದು. ಯುಕಟೆಕ್, ಕಿಚೆ, ಕಕ್ಚಿಕೆಲ್, ಚೋಲ್, ಚೋರ್ಟಿ ಹೀಗೆ. ಇವತ್ತಿಗೂ ಲಕ್ಷಾಂತರ ಜನರ ಮನೆಮಾತು. ಡಾಕ್ ತನ್ನ ಗುಟ್ಟಿನ ಮಾತನ್ನು ಮೆರಿಡಾ ನಗರದ ಮಾರುಕಟ್ಟೆಯಲ್ಲಿ ಆಡಿದ್ದರೆ ಜೋಳ ಮಾರೋ ಹೆಂಗಸೇ ತಿರುಗಿ ಉತ್ತರ ಕೊಡುತ್ತಿದ್ದಳೋ ಏನೋ.

ಇದು ಬರೀ ವಾಸ್ತವದ ತಪ್ಪಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸಾಹಸಕಥೆಗೆ ಅಷ್ಟು ಸಲಿಗೆ ಕೊಡಬೇಕು. ಆದರೆ ಈ ತಪ್ಪು ಕಥೆಯ ಅಡಿಪಾಯವೇ ಆಗಿದೆ. ‘ಕಳೆದುಹೋದ ನಾಗರಿಕತೆ’ ಇರಬೇಕಾದರೆ ಅದರ ಜನ ಎಲ್ಲೂ ಇರಬಾರದು. ಇದ್ದರೂ ಒಂದು ಕಣಿವೆಯೊಳಗೆ, ಕಾಲ ನಿಂತುಹೋದವರಂತೆ, ಹೊರಗಿನ ನಾಯಕನಿಗಾಗಿ ಕಾಯುತ್ತಾ ಇರಬೇಕು. ಸಂತೆಯಲ್ಲಿ ಜೋಳ ಮಾರೋ ಮಾಯಾ ಹೆಂಗಸು ಬಂದುಬಿಟ್ಟರೆ ಕಥೆ ಮುರಿದು ಬೀಳುತ್ತದೆ.

ಶಾಸನದ ವಿಷಯ ಇಲ್ಲಿಂದ ಶುರುವಾಗುತ್ತದೆ. ಯಾಕೆಂದರೆ ಮಾಯಾ ಲಿಪಿಯನ್ನು ಕೊನೆಗೆ ಓದಲು ಸಾಧ್ಯವಾಗಿಸಿದ್ದು ಆ ಹೆಂಗಸಿನ ಮಾತೇ.

1933ರ ಸ್ಥಿತಿ ನೋಡಿ. ಜಾನಿಯಂಥ ವಿದ್ವಾಂಸ ನಿಜವಾಗಿ ಇದ್ದಿದ್ದರೆ ಮಾಯಾ ಶಿಲಾಸ್ತಂಭದ ಮುಂದೆ ನಿಂತು ಏನು ಓದಬಹುದಿತ್ತು? ತೇದಿ ಓದುತ್ತಿದ್ದ. ಚುಕ್ಕೆ ಒಂದು, ಗೆರೆ ಐದು ಅನ್ನೋ ಅಂಕಿ ಪದ್ಧತಿ, ಪಂಚಾಂಗದ ಚಕ್ರಗಳು, ಚಂದ್ರನ ಲೆಕ್ಕ, ಶುಕ್ರನ ಲೆಕ್ಕ ಇವೆಲ್ಲ 1900ರ ಹೊತ್ತಿಗೇ ಗೊತ್ತಾಗಿದ್ದವು. ಎರ್ನ್‌ಸ್ಟ್ ಫೋರ್ಸ್ಟೆಮಾನ್ ಡ್ರೆಸ್ಡನ್ ಗ್ರಂಥಾಲಯದಲ್ಲಿ ಕೂತು ಆ ಊರಿನಲ್ಲಿದ್ದ ಮಾಯಾ ಪುಸ್ತಕದಿಂದ ಬಿಡಿಸಿದ ಲೆಕ್ಕ ಅದು. (ಆ ಪುಸ್ತಕಗಳು ನಮ್ಮ ಕಡತದ ಹಾಗೆ ಹಿಂದೆ ಮುಂದೆ ಮಡಿಚುವಂಥವು, ನಮ್ಮದು ಬಟ್ಟೆ, ಅವರದು ಮರದ ತೊಗಟೆಯ ಕಾಗದ.) ತೇದಿ ಬಿಟ್ಟು ಉಳಿದ ಬರಹ ಮೂಕವಾಗಿತ್ತು. ಯಾರ ಹೆಸರೂ ಇಲ್ಲ, ಕ್ರಿಯಾಪದವೂ ಇಲ್ಲ. ಆದ್ದರಿಂದ ಇದು ಚರಿತ್ರೆಯೇ ಅಲ್ಲ, ಕಾಲವನ್ನೇ ಪೂಜಿಸಿದ ಪೂಜಾರಿಗಳ ಲೆಕ್ಕ ಅಂತ ದೊಡ್ಡ ವಿದ್ವಾಂಸರೇ ತೀರ್ಮಾನಿಸಿದ್ದರು. ಎರಿಕ್ ಥಾಂಪ್ಸನ್ ಆ ವಾದದ ದೊಡ್ಡ ಹೆಸರು.

ಬೀಗದ ಕೈ ಮಾತ್ರ ಅಷ್ಟು ಹೊತ್ತಿಗೆ ಕೈಯಲ್ಲೇ ಇತ್ತು. 1562ರ ಜುಲೈನಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಪುಸ್ತಕಗಳನ್ನು ಬೆಂಕಿಗೆ ಹಾಕಿಸಿದ ಪಾದ್ರಿ ದಿಯೆಗೋ ದೆ ಲಾಂಡಾನೇ ಆಮೇಲೆ ಆ ಜನರ ಬಗ್ಗೆ ಒಂದು ಬರಹ ಬರೆದ. ಅದರಲ್ಲಿ ಒಂದು ‘ಮಾಯಾ ವರ್ಣಮಾಲೆ’ ಇದೆ. ಲಾಂಡಾ ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳಿ ‘ಇದನ್ನು ನಿಮ್ಮಲ್ಲಿ ಹೇಗೆ ಬರೀತೀರಿ’ ಅಂತ ಕೇಳಿದ. ‘ಬೇ’ ಅಂದಾಗ ಮಾಯಾ ಲಿಪಿಕಾರ ದಾರಿಯ ಮೇಲಿನ ಹೆಜ್ಜೆಗುರುತು ಬರೆದ. ಯುಕಟೆಕ್‌ನಲ್ಲಿ ಬೇ ಅಂದರೆ ದಾರಿ. ಲಾಂಡಾ ಕೇಳಿದ್ದು ಬರೀ ವ್ಯಂಜನ, ಲಿಪಿಕಾರ ಕೊಟ್ಟದ್ದು ಗುಣಿತಾಕ್ಷರ! ಕ, ಕಾ, ಕಿ, ಕೀ ಅಂತ ಬಾಲ್ಯದಲ್ಲೇ ಬಾಯಿಪಾಠ ಮಾಡಿದ ನಮಗೆ ಈ ಗೊಂದಲ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಬಿಡಿ ಅಕ್ಷರಗಳ ಲಿಪಿಯಲ್ಲಿ ಬೆಳೆದ ಯುರೋಪಿನ ವಿದ್ವಾಂಸರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಈ ಬರಹದ ಪ್ರತಿ ಮ್ಯಾಡ್ರಿಡ್‌ನಲ್ಲಿ ಸಿಕ್ಕಿದ್ದು 1862ರಲ್ಲಿ, ಅದರ ಬೆಲೆ ತಿಳಿದದ್ದು 90 ವರ್ಷ ಕಳೆದ ಮೇಲೆ. ವಾಕ್ಯ ಬರೆದು ತೋರಿಸು ಅಂದಾಗ ಆ ಲಿಪಿಕಾರ ಬರೆದದ್ದರ ಅರ್ಥ ‘ನನಗೆ ಬೇಡ’ ಅಂತ. ಪಾಪ, ಅವನಿಗೆ ಸಾಕಾಗಿತ್ತು ಅಂತ ಕಾಣುತ್ತೆ.

1952ರಲ್ಲಿ ಸೋವಿಯತ್ ಒಕ್ಕೂಟದ ಯೂರಿ ಕ್ನೋರೊಝೊವ್ ಮಾಡಿದ ಕೆಲಸ ನೋಡಿ, ಎಷ್ಟು ಸರಳ! ಮಾಯಾ ಪುಸ್ತಕವೊಂದರಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಚಿಹ್ನೆ. ಮೊದಲನೆಯದು ಲಾಂಡಾನ ಪಟ್ಟಿಯಲ್ಲಿರುವ ‘ಕು’. ಯುಕಟೆಕ್‌ನಲ್ಲಿ ಆ ಕೋಳಿಗೆ ‘ಕುತ್ಸ್’ ಅಂತಾರೆ. ಹಾಗಾದರೆ ಎರಡನೆಯದು ‘ತ್ಸು’ ಇರಬೇಕು, ಕೊನೆಯ ಸ್ವರ ಉಚ್ಚಾರಕ್ಕೆ ಬರಲ್ಲ. ಸರಿ, ಇನ್ನೊಂದು ಕಡೆ ನಾಯಿಯ ಚಿತ್ರ ಇದೆ. ಅದರ ಮೇಲೆ ಇದೇ ‘ತ್ಸು’, ಜೊತೆಗೆ ಲಾಂಡಾನ ಪಟ್ಟಿಯ ‘ಲು’. ಓದಿದರೆ ‘ತ್ಸುಲ್’. ಯುಕಟೆಕ್‌ನ ಹಳೆಯ ನಿಘಂಟಿನಲ್ಲಿ ನಾಯಿಗೆ ಅದೇ ಪದ ಇದೆ. ಒಂದು ಕೋಳಿ, ಒಂದು ನಾಯಿ, ಎರಡಕ್ಕೂ ಸಾಮಾನ್ಯವಾದ ಒಂದು ಚಿಹ್ನೆ. ಬ್ರಾಹ್ಮಿಯನ್ನು ಪ್ರಿನ್ಸೆಪ್ ಬಿಡಿಸಿದ ಕಥೆ ಗೊತ್ತಿರೋರಿಗೆ ಈ ದಾರಿ ಹೊಸದೇನಲ್ಲ. ಸಾಂಚಿಯ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಪದ ‘ದಾನಂ’ ಇರಬೇಕು ಅಂತ ಊಹಿಸಿದ್ದರಿಂದಲೇ ತಾನೇ ಅಲ್ಲೂ ಬಾಗಿಲು ತೆರೆದದ್ದು. ಭಾಷೆ ಗೊತ್ತಿರಬೇಕು, ಇಲ್ಲದಿದ್ದರೆ ಭೂತಗನ್ನಡಿ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ.

1960ರಲ್ಲಿ ತಾತಿಯಾನಾ ಪ್ರೊಸ್ಕೂರಿಯಾಕೊಫ್ ಇನ್ನೊಂದು ಕಡೆಯಿಂದ ಬಂದರು. ಪಿಯೆದ್ರಾಸ್ ನೆಗ್ರಾಸ್ ಎಂಬ ನೆಲೆಯ ಶಿಲಾಸ್ತಂಭಗಳ ತೇದಿಗಳನ್ನು ಗುಂಪು ಮಾಡಿ ನೋಡಿದರೆ ಪ್ರತಿ ಗುಂಪೂ ಒಂದು ಮನುಷ್ಯಾಯುಸ್ಸಿನೊಳಗೆ ಹಿಡಿಯುತ್ತಿತ್ತು. ಅಂದರೆ ಇವು ಹುಟ್ಟು ಮತ್ತು ಪಟ್ಟಾಭಿಷೇಕದ ದಾಖಲೆ, ಒಬ್ಬೊಬ್ಬ ರಾಜನ ಚರಿತ್ರೆ. 1973ರಲ್ಲಿ ಪಲೆಂಕೆಯಲ್ಲಿ ನಡೆದ ಸಭೆಯಲ್ಲಿ ಲಿಂಡಾ ಶೀಲಿ, ಪೀಟರ್ ಮ್ಯಾಥ್ಯೂಸ್, ಫ್ಲಾಯ್ಡ್ ಲೌನ್ಸ್‌ಬರಿ ಆ ನಗರದ ರಾಜವಂಶದ ಬಹುಭಾಗವನ್ನು ಒಂದೇ ಕೂಟದಲ್ಲಿ ಕಟ್ಟಿ ನಿಲ್ಲಿಸಿದರು. ಶಾಸನಗಳ ಭಾಷೆ ಇವತ್ತು ಚೋರ್ಟಿ ಆಡುವವರ ಭಾಷೆಗೆ ತೀರ ಹತ್ತಿರದ ಪೂರ್ವಜ ಅನ್ನೋದೂ ಕ್ರಮೇಣ ಗಟ್ಟಿಯಾಯಿತು. ಚೋರ್ಟಿ ಜನ ಇರೋದು ಕೊಪಾನ್ ಅವಶೇಷಗಳ ಸುತ್ತಮುತ್ತಲೇ. ಕಣಿವೆಯಲ್ಲಿ ಅಡಗಿಕೊಂಡಿರಲಿಲ್ಲ, ಅವಶೇಷದ ಪಕ್ಕದಲ್ಲೇ ಹೊಲ ಉಳುತ್ತಿದ್ದರು.

ಎರಡನೆಯದು ಚಿನ್ನ. ಕಾದಂಬರಿಯ ಕೊನೆಗೆ ಏರ್ಪಾಟು ಹೀಗಾಗುತ್ತದೆ: ಡಾಕ್‌ಗೆ ಹಣ ಬೇಕಾದಾಗ ಏಳನೇ ದಿನದ ನಡುಮಧ್ಯಾಹ್ನ ರೇಡಿಯೋದಲ್ಲಿ ಮಾಯಾ ಮಾತುಗಳನ್ನು ಬಿತ್ತರಿಸಿದರೆ ಸಾಕು, ಕಣಿವೆಯಿಂದ ಹೇಸರಗತ್ತೆಗಳ ಮೇಲೆ ಚಿನ್ನ ಹೊರಬರುತ್ತದೆ. ಅದನ್ನು ಲೋಕೋಪಕಾರಕ್ಕೇ ಬಳಸುತ್ತಾನೆ, ನಿಜ. ಆದರೂ ಅದು ಬರೋದು ಒಂದೇ ದಿಕ್ಕಿಗೆ. ಪತ್ರಿಕೆ ಅಂಗಡಿಗೆ ಬಂದದ್ದು ಆರ್ಥಿಕ ಕುಸಿತದ ನಡುವೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಜನರ ಕೈಯಲ್ಲಿದ್ದ ಚಿನ್ನವನ್ನು ಸರ್ಕಾರಕ್ಕೆ ಒಪ್ಪಿಸಬೇಕು ಅಂತ ಆಜ್ಞೆ ಹೊರಡಿಸಿದರು. ಅಂಥ ಕಾಲದ ಓದುಗನಿಗೆ ಮುಗಿಯದ ಚಿನ್ನದ ಕನಸು ಎಷ್ಟು ಸಿಹಿ ಅಂತ ಊಹಿಸಬಹುದು.

ಶಾಸ್ತ್ರದ ಮಾತು ಬೇರೆ. ಸುಮಾರು ಕ್ರಿ.ಶ. 250ರಿಂದ 900ರ ತನಕದ ಮಾಯಾ ನಗರಗಳಲ್ಲಿ ಲೋಹವೇ ತೀರ ಅಪರೂಪ. ಅವರ ಕಣ್ಣಿಗೆ ಬೆಲೆಬಾಳುವುದು ಹಸಿರು ಜೇಡ್ ಕಲ್ಲು ಮತ್ತು ಕೆಟ್ಸಾಲ್ ಹಕ್ಕಿಯ ಗರಿ. ಚಿಚೆನ್ ಇಟ್ಸಾದ ಬಾವಿಯಲ್ಲಿ ಸಿಕ್ಕ ಚಿನ್ನ ಆಮೇಲಿನ ಕಾಲದ್ದು, ದಕ್ಷಿಣದ ಪನಾಮಾ, ಕೋಸ್ಟರಿಕಾ ಕಡೆಯಿಂದ ವ್ಯಾಪಾರದಲ್ಲಿ ಬಂದದ್ದೂ ಅದರಲ್ಲಿದೆ. ಚಿನ್ನದ ಪಿರಮಿಡ್ ಓದುಗನ ಆಸೆಯಿಂದ ಹುಟ್ಟಿದ್ದು, ಮಾಯಾ ಜನರ ಕಡೆಯಿಂದ ಬಂದದ್ದಲ್ಲ.

ಮೂರನೆಯದು ಜಾನಿ. ಅಪರಾಧಿಗಳನ್ನು ಬೆನ್ನಟ್ಟುವ ಪುರಾತತ್ತ್ವಜ್ಞ ಬರೀ ಕಲ್ಪನೆ ಅಂದುಕೊಂಡಿದ್ದೆ, ಅಲ್ಲವಂತೆ. ಮಾಯಾ ಶಾಸನಗಳ ದೊಡ್ಡ ಸಂಗ್ರಹಕಾರ, ಕೊಪಾನ್ ಶಾಸನಗಳ ಸಂಪುಟವನ್ನು 1920ರಲ್ಲಿ ಹೊರತಂದ ಸಿಲ್ವೇನಸ್ ಮಾರ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯ ಗೂಢಚಾರನಾಗಿದ್ದ. ಅವಶೇಷ ನೋಡೋ ನೆಪದಲ್ಲಿ ಮಧ್ಯ ಅಮೆರಿಕದ ಕರಾವಳಿ ಸುತ್ತುತ್ತಾ ಜರ್ಮನ್ ಜಲಾಂತರ್ಗಾಮಿಗಳ ನೆಲೆ ಹುಡುಕುತ್ತಿದ್ದ. 1919ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋಯಸ್ ಯಾರ ಹೆಸರೂ ಹೇಳದೆ, ವಿದ್ವತ್ತನ್ನು ಬೇಹುಗಾರಿಕೆಯ ಮುಸುಕು ಮಾಡಿಕೊಂಡವರನ್ನು ಖಂಡಿಸಿ ಬರೆದಾಗ ಅವರದೇ ಸಂಘ ಅವರ ಮೇಲೆ ಛೀಮಾರಿ ಹಾಕಿತು.

ಆದರೆ ಮಾರ್ಲಿಯ ಮೇಲೆ ನನ್ನ ದೊಡ್ಡ ದೂರು ಗೂಢಚಾರಿಕೆಯದ್ದಲ್ಲ. 1937-38ರ ಪೆಟೆನ್ ಶಾಸನಗಳ ಸಂಪುಟಗಳಲ್ಲಿ ಅವನು ತೇದಿಯ ಭಾಗವನ್ನು ಜೋಪಾನವಾಗಿ ಬರೆದುಕೊಂಡು, ತೇದಿಯಲ್ಲದ ಚಿಹ್ನೆಗಳನ್ನು ಎಷ್ಟೋ ಕಡೆ ಬಿಟ್ಟೇಬಿಟ್ಟ. ಓದಲಾಗದ್ದು ಮುಖ್ಯವಲ್ಲ ಅನ್ನೋ ಭಾವ. ಆ ಬಿಟ್ಟ ಭಾಗದಲ್ಲೇ ಹೆಸರುಗಳಿದ್ದವು, ಹುಟ್ಟು ಸಾವುಗಳಿದ್ದವು. ಶಾಸನಶಾಸ್ತ್ರಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಡೆಂಟ್ ಜೀವಂತ ಜನರನ್ನು ಕಥೆಗಾಗಿ ಅಳಿಸಿದ. ಮಾರ್ಲಿಯಂಥವರು ಸತ್ತವರ ಹೆಸರುಗಳನ್ನು ಶಾಸ್ತ್ರದ ಹೆಸರಿನಲ್ಲಿ ಅಳಿಸಿದರು. ಪಲ್ಪ್ ಲೇಖಕನನ್ನಷ್ಟೇ ಬೈದು ನಾವು ಸಾಚಾಗಳು ಅಂತ ಕೂರೋಕ್ಕೆ ಆಗಲ್ಲ.

‘ಇಲ್ಲದ ಜನ’ ಅನ್ನೋ ಮಾತಿಗೆ ಬೆಲೆ ತೆತ್ತವರು ಯಾರು ಅನ್ನೋದನ್ನೂ ಹೇಳಬೇಕು. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರು ಮತ್ತು ಕಣ್ಮರೆಯಾದವರು 2 ಲಕ್ಷಕ್ಕೂ ಹೆಚ್ಚು ಅಂತ 1999ರ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ ಶೇ. 83 ಮಂದಿ ಮಾಯಾ ಜನ. ಇದಕ್ಕೆ ಸಾಹಸಕಥೆ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಅವಶೇಷಗಳನ್ನು ಪ್ರವಾಸಿಗರಿಗೆ ತೋರಿಸುತ್ತಾ, ಅದೇ ಭಾಷೆಯಾಡುವವರನ್ನು ಆ ಅವಶೇಷಕ್ಕೆ ಸಂಬಂಧವಿಲ್ಲದವರಂತೆ ಕಾಣುವುದು ಎಷ್ಟು ಸುಲಭ ಅನ್ನೋದನ್ನು ಆ ಸಂಖ್ಯೆ ನೆನಪಿಸುತ್ತದೆ. ಇದರ ನಡುವೆಯೇ ಲಿಂಡಾ ಶೀಲಿ, ನಿಕೊಲಾಯ್ ಗ್ರೂಬೆ ಮುಂತಾದವರು ಮಾಯಾ ಭಾಷಿಕರಿಗೇ ಲಿಪಿ ಕಲಿಸುವ ಶಿಬಿರ ನಡೆಸಿದರು. ಮಾಯಾ ಜನ ಇವತ್ತು ತಮ್ಮ ಪೂರ್ವಜರ ಬರಹವನ್ನು ಮತ್ತೆ ಬರೆಯುತ್ತಿದ್ದಾರೆ. ಕಳೆದುಹೋದ ಕಣಿವೆಯ ಕಥೆಗಿಂತ ಇದು ನನಗೆ ಹೆಚ್ಚು ರೋಚಕ.

ನಮ್ಮ ಮನೆಯ ಮಾತಿಗೂ ಸ್ವಲ್ಪ ಬರೋಣ. ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಬಗ್ಗೆ ಬರೆದ ಪುಸ್ತಕದ ಹೆಸರು ‘ಎ ಫಾರ್‌ಗಾಟನ್ ಎಂಪೈರ್’, ಮರೆತುಹೋದ ಸಾಮ್ರಾಜ್ಯ. ಪುಸ್ತಕ ದೊಡ್ಡದು, ಪಾಯಸ್ ಮತ್ತು ನೂನಿಜ್‌ರ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದ ಉಪಕಾರವೂ ದೊಡ್ಡದು. ಆದರೆ ಮರೆತವರು ಯಾರು? ವಿರೂಪಾಕ್ಷನ ತೇರು ಎಳೆಯುವವರು ಮರೆತಿರಲಿಲ್ಲ. ಶೀರ್ಷಿಕೆಯಲ್ಲಿ ಅದೇ ಕಣಿವೆಯ ಗಾಳಿ ಇದೆ.

ಇನ್ನೊಂದು ನೋವಿನ ಸಂಗತಿ. ಶಾಸನ ಅಂದರೆ ನಿಧಿಯ ನಕ್ಷೆ ಅನ್ನೋ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಕಲ್ಲಿನ ನೆತ್ತಿಯ ಸೂರ್ಯ-ಚಂದ್ರ ಇರೋದು ದಾನ ಅವರಿರುವ ತನಕ ನಡೆಯಲಿ ಅಂತ. ಅದನ್ನೇ ನಿಧಿಯ ಗುರುತು ಅಂದುಕೊಂಡು ರಾತ್ರೋರಾತ್ರಿ ಬುಡ ಅಗೆದು ಕಲ್ಲು ಸೀಳಿದವರಿದ್ದಾರೆ. ನಾನು ಹೋದ ಒಂದು ಊರಿನಲ್ಲಿ ಅರ್ಧ ಕಲ್ಲು ಮಾತ್ರ ಉಳಿದಿತ್ತು. ಉಳಿದ ಅರ್ಧದಲ್ಲಿ ಇದ್ದದ್ದು ಕೆರೆಯ ಕೆಳಗಿನ ಗದ್ದೆಯ ಎಲ್ಲೆ, ಕೊಟ್ಟ ದಾನವನ್ನು ಕೆಡಿಸಿದವರಿಗೆ ತಗಲುವ ಪಾಪ. ಚಿನ್ನ ಅಲ್ಲಿ ಎಂದೂ ಇರಲಿಲ್ಲ.

ಆ ಕಲ್ಲಿನಲ್ಲಿ ಉಳಿದಿದ್ದ ಒಂದು ಕಟ್ಟೆಯ ಹೆಸರು ನನಗೆ ಬಿಡಿಸಲು ಬರಲಿಲ್ಲ. ಒಂದಕ್ಷರ ಸವೆದಿತ್ತು, ನಿಘಂಟಿನಲ್ಲೂ ಪದ ಸಿಗಲಿಲ್ಲ. ಪಕ್ಕದಲ್ಲಿ ಮೇಕೆ ಮೇಯಿಸ್ತಿದ್ದ ಅಜ್ಜಿಯನ್ನು ಕೇಳಿದೆ, ‘ಈ ಕಡೆ ಹಿಂಗೊಂದು ಕಟ್ಟೆ ಏನಾದ್ರೂ ಇದೆಯಾ ಅಜ್ಜಿ?’ ಅವರು ನನ್ನ ಉಚ್ಚಾರ ತಿದ್ದಿ, ಕೋಲೆತ್ತಿ ತೋರಿಸಿದರು: ‘ಅಗಾ, ಆ ಹುಣಸೆಮರದ ಹಿಂದೆ ಐತಲ್ಲ ಕಣಪ್ಪಾ, ಈಗ ಹೂಳು ತುಂಬೈತೆ.’ ತಿದ್ದಿದ ಉಚ್ಚಾರದಲ್ಲೇ ಸವೆದ ಅಕ್ಷರ ಇತ್ತು.

‘ದಿ ಮ್ಯಾನ್ ಆಫ್ ಬ್ರಾಂಜ್’ ಓದಬೇಡಿ ಅಂತ ನಾನು ಹೇಳೋದಿಲ್ಲ. ಓದಿ, ಒಂದೇ ಕೂರಿನಲ್ಲಿ ಮುಗಿಯುತ್ತೆ. ಆ ಕಣಿವೆಗೆ ದಾರಿ ಕೇಳಲು ಡಾಕ್ ಸಂತೆಯಲ್ಲಿ ಯಾರನ್ನೂ ಮಾತಾಡಿಸಲಿಲ್ಲ ಅನ್ನೋದನ್ನು ಗಮನಿಸಿ ಓದಿ ಅಷ್ಟೇ. ಮತ್ತೆ ನಿಮ್ಮೂರಿನ ಕಲ್ಲಿನ ಅಚ್ಚು ತೆಗೆಯೋಕೆ ಹೋದಾಗ, ಕಾಗದ, ಕುಂಚ, ಮಸಿ ಚೀಲದಲ್ಲಿ ಇಟ್ಟುಕೊಳ್ಳೋ ಮುಂಚೆ, ಸುತ್ತ ಯಾರಾದರೂ ಮೇಕೆ ಮೇಯಿಸ್ತಿದ್ದಾರಾ ನೋಡಿ.